ಗೋಡೆಯ ಕಡೆ ಮುಖ

ನನಗೊಂದು ಅಭ್ಯಾಸವಿದೆ. ಯಾರಾದರೂ ಕೀಬೋರ್ಡಿನ ಮೇಲೆ ಬೆರಳಿಟ್ಟರೆ ಸಾಕು, ನಾನು ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತುಬಿಡುತ್ತೇನೆ. ಮೊದಮೊದಲು ಇದು ಕಚೇರಿಯೊಳಗಿನ ಮರ್ಯಾದೆಯ ಮಾತಷ್ಟೇ ಆಗಿತ್ತು. ಈಗ ಮೈಗೆ ಅಂಟಿಕೊಂಡಿದೆ. ಎಟಿಎಮ್ಮಿನ ಸಾಲಿನಲ್ಲಿ ಮುಂದಿನವರು ಗುಂಡಿ ಒತ್ತುವ ಹೊತ್ತಿಗೆ ನಾನು ಹಿಂದಕ್ಕೆ ತಿರುಗಿರುತ್ತೇನೆ. ಹಿಂದಿನವರು, ಈ ಮನುಷ್ಯ ನಮ್ಮನ್ನೇಕೆ ಹೀಗೆ ದಿಟ್ಟಿಸುತ್ತಿದ್ದಾನೆ ಎಂದು ತಮ್ಮ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಮೊನ್ನೆ ಹೆಂಡತಿ ಕಪಾಟಿನ ಕೀಲಿ ತೆಗೆಯುವಾಗಲೂ ಹಾಗೆಯೇ ತಿರುಗಿ ನಿಂತೆ. "ಅದರಾಗ ಏನ ಐತಿ ಅಂತ ತಿರಗಿ ನಿಂತ್ರಿ? ನಿಮ್ಮ ಬನಿಯನ್ ಅದಾವು" ಎಂದಳು.

ನನ್ನ ಕಚೇರಿಯ ಆ ಗೋಡೆಯ ಮೇಲೊಂದು ಕ್ಯಾಲೆಂಡರ್ ತೂಗುತ್ತಿದೆ. ಹಾರೂಗೇರಿಯ ಬೀಜದ ಅಂಗಡಿಯವರೊಬ್ಬರು ಕೊಟ್ಟದ್ದು. ಅದರ ವರ್ಷ ಮುಗಿದು ಬಹಳ ಕಾಲವಾಯಿತು. ಆದರೂ ತೆಗೆದಿಲ್ಲ, ಗೋಡೆ ನೋಡುತ್ತ ನಿಲ್ಲುವವನಿಗೆ ನೋಡಲು ಏನಾದರೂ ಬೇಕಲ್ಲ. ಅದರಲ್ಲೊಂದು ದೊಡ್ಡ ಬದನೆಕಾಯಿಯ ಚಿತ್ರವಿದೆ. ಅದರ ತೊಟ್ಟಿನಲ್ಲಿ ಎಷ್ಟು ಮುಳ್ಳುಗಳಿವೆ ಎಂದು ನನ್ನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಏಳು ಇವೆ.

ಗೊತ್ತಿಲ್ಲದವರಿಗೆ ಹೇಳಬೇಕು: ನಾನು ಚಿಕ್ಕೋಡಿಯಲ್ಲಿ ಜನರ ತೆರಿಗೆ ರಿಟರ್ನ್ ತುಂಬಿಕೊಡುವವನು. ದೊಡ್ಡ ಪರೀಕ್ಷೆಗೆ ಎರಡು ಸಲ ಕೂತೆ. ಎರಡು ಸಲವೂ ಪರೀಕ್ಷೆಯೇ ಗೆದ್ದಿತು. ಆಮೇಲೆ ಗೊಬ್ಬರದ ಅಂಗಡಿಯೊಂದರ ಮಹಡಿಯಲ್ಲಿ ಕೋಣೆ ಹಿಡಿದು ಕುರ್ಚಿ ಹಾಕಿದೆ. ಅಪ್ಪ ಕನ್ನಡ ಶಾಲೆಯ ಮಾಸ್ತರರಾಗಿದ್ದರು. ಆ ಪುಣ್ಯದಿಂದ ಜನ ನನ್ನನ್ನೂ ಟ್ಯಾಕ್ಸ್ ಮಾಸ್ತರ ಎನ್ನುತ್ತಾರೆ. ಯೂರಿಯಾದ ವಾಸನೆಯಲ್ಲಿ ವರ್ಷಗಟ್ಟಲೆ ಕೂತಿದ್ದರೂ ನನ್ನ ವ್ಯವಹಾರ ಮಾತ್ರ ಹೇಳಿಕೊಳ್ಳುವಂತೆ ಬೆಳೆಯಲಿಲ್ಲ.

ಬೆಳೆಯಬೇಕೆಂಬ ಆಸೆಗೇನೂ ಕಡಿಮೆ ಇರಲಿಲ್ಲ. ಬೋರ್ಡು ಬರೆಸಲು ಹೋದಾಗ ಪೇಂಟರ್, "ಬರೇ ಚಿಕ್ಕೋಡಿ ಅಂತ ಬರದ್ರ ಬೋರ್ಡ ಬೋಳ ಕಾಣತೈತ್ರಿ" ಎಂದ. ಅವನ ಕಲಾದೃಷ್ಟಿಗೆ ಬೆಲೆ ಕೊಟ್ಟು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದು ಐದೂ ಊರು ಬರೆಸಿಬಿಟ್ಟೆ. ನಿಪ್ಪಾಣಿಯ ಶಾಖೆಯೆಂದರೆ ಗೆಳೆಯನ ತಂಬಾಕಿನ ಗೋದಾಮಿನ ಮುಂದಿನ ಕಟ್ಟೆ. ಅಲ್ಲಿ ಬಂದವರು ಆದಾಯ ಹೇಳುವ ಮೊದಲು ಎರಡು ಸಲ ಸೀನುತ್ತಿದ್ದರು. ರಾಯಬಾಗದಲ್ಲಿ ಷಡ್ಡಕನ ಸೈಕಲ್ ಅಂಗಡಿ. ಅಥಣಿಯಲ್ಲಿ ಪರಿಚಯದವರ ಚಪ್ಪಲಿ ಅಂಗಡಿಯ ಒಂದು ಮೂಲೆ. ರಿಟರ್ನ್ ತುಂಬಿಸಲು ಬಂದವರು ಅನೇಕರು ಚಪ್ಪಲಿ ಕೊಂಡು ಹೋದರು, ಚಪ್ಪಲಿಗೆ ಬಂದವರು ಒಬ್ಬರೂ ರಿಟರ್ನ್ ತುಂಬಿಸಲಿಲ್ಲ. ಇನ್ನು ಕಾಗವಾಡದಲ್ಲಿ ನನ್ನ ಶಾಖೆ ಎಲ್ಲಿದೆಯೆಂದು ನನಗೇ ಗೊತ್ತಿರಲಿಲ್ಲ. ಯಾರಾದರೂ ಕೇಳಿದರೆ "ಸದ್ಯಕ್ಕ ರಿಪೇರಿ ನಡದೈತ್ರಿ" ಎನ್ನುತ್ತಿದ್ದೆ.

ನಮ್ಮ ಸುಗ್ಗಿ ಜುಲೈ ತಿಂಗಳು. ಉಳಿದ ಹನ್ನೊಂದು ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ಎದುರಾದರೂ ಗುರುತು ಹಿಡಿಯದವರು ಜುಲೈ ಬಂತೆಂದರೆ ಮನೆಯ ಮುಂದೆ ಬಂದು ಆರೋಗ್ಯ ವಿಚಾರಿಸುತ್ತಾರೆ. ಕೈಯಲ್ಲೊಂದು ಬಟ್ಟೆಯ ಪಿಶವಿ ಇರುತ್ತದೆ. ಆ ಚೀಲದೊಳಗೆ ಮನೆಯ ಇತಿಹಾಸವೆಲ್ಲ ಇರುತ್ತದೆ: ಕಬ್ಬಿನ ತೂಕದ ಚೀಟಿ, ಕರೆಂಟ್ ಬಿಲ್ಲು, ಮೊಮ್ಮಗಳ ಮಾರ್ಕ್ಸ್ ಕಾರ್ಡು, ಯಾರದೋ ಲಗ್ನಪತ್ರಿಕೆ. ನನಗೆ ಬೇಕಾದ ಒಂದು ಕಾಗದ ಮಾತ್ರ ಇರುವುದಿಲ್ಲ. ಕೇಳಿದರೆ, "ಅದೂ ಬೇಕೇನ್ರಿ? ಅದನ್ನ ಭದ್ರ ಮನ್ಯಾಗ ಇಟ್ಟೇನ್ರಿ" ಎನ್ನುತ್ತಾರೆ.

ಆದರೆ ಕಾಗದಕ್ಕಿಂತ ದೊಡ್ಡ ತಲೆನೋವು ಹೆಸರುಗಳದು. ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುವ ರೂಢಿ ಬಹಳ ಮನೆಗಳಲ್ಲಿದೆ. ತಾಟಿನಲ್ಲಿ ಅಕ್ಕಿ ಹರಡುತ್ತಾರೆ, ಮದುಮಗ ಉಂಗುರದಿಂದ ಅದರಲ್ಲಿ ಹೊಸ ಹೆಸರು ಬರೆಯುತ್ತಾನೆ, ಸುತ್ತ ನಿಂತವರು ನಗುತ್ತಾರೆ. ಐದು ನಿಮಿಷದ ಕೆಲಸ. ಆ ಐದು ನಿಮಿಷ ನಲವತ್ತು ವರ್ಷದ ಮೇಲೆ ನನ್ನ ಜುಲೈ ಹಾಳು ಮಾಡುತ್ತದೆ. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಆಧಾರದಲ್ಲಿ ಇನ್ನೊಂದು, ಪ್ಯಾನ್ ಕಾರ್ಡಿನಲ್ಲಿ ಏಜೆಂಟನ ಮನಸ್ಸಿಗೆ ಬಂದದ್ದು. ಕಂಪ್ಯೂಟರಿಗೆ ಅಕ್ಕಿಯೂ ಗೊತ್ತಿಲ್ಲ, ಉಂಗುರವೂ ಗೊತ್ತಿಲ್ಲ. ಹೆಸರು ಹೊಂದುತ್ತಿಲ್ಲ ಎಂದು ಕೆಂಪು ಅಕ್ಷರದಲ್ಲಿ ಹೇಳಿ ಸುಮ್ಮನಾಗುತ್ತದೆ.

ಈ ವಿಷಯದಲ್ಲಿ ಕಂಪ್ಯೂಟರನ್ನು ಬೈಯುವ ಯೋಗ್ಯತೆ ನನಗಿಲ್ಲ. ಒಂಬತ್ತು ವರ್ಷದವನಿದ್ದಾಗ ನಾನೂ ಅದೇ ಕೆಲಸ ಮಾಡಿದ್ದೇನೆ. ಆಗ ಹೊಸದಾಗಿ ಜೋಡಕ್ಷರ ಓದಲು ಬರುತ್ತಿತ್ತು, ಗೋಡೆಯ ಮೇಲಿನ ಜಾಹೀರಾತಿನಿಂದ ಹಿಡಿದು ಹಿಟ್ಟಿನ ಚೀಲದವರೆಗೆ ಎಲ್ಲವನ್ನೂ ಗಟ್ಟಿಯಾಗಿ ಓದುತ್ತಿದ್ದೆ. ಒಂದು ಮಧ್ಯಾಹ್ನ ಊರಿಗೆ ಹೊಸಬನಾದ ಪೋಸ್ಟ್‌ಮನ್ ಬಂದು ಒಂದು ಕಾರ್ಡು ಹಿಡಿದ. ವಿಳಾಸದಲ್ಲಿ ಗಂಗೂಬಾಯಿ ಎಂದಿತ್ತು. ನನ್ನ ಅವ್ವನ ಹೆಸರು ಸರಸ್ವತಿ. "ಈ ಹೆಸರಿನವರು ನಮ್ಮ ಮನ್ಯಾಗ ಯಾರೂ ಇಲ್ರಿ" ಎಂದು ಮಾಸ್ತರರ ಮಗನಿಗೆ ತಕ್ಕ ಗಾಂಭೀರ್ಯದಿಂದ ಹೇಳಿ ವಾಪಸು ಕಳಿಸಿದೆ.

ಸಂಜೆ ಅವ್ವ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂತು ಈ ಸಾಹಸ ವರ್ಣಿಸಿದೆ. ಅವಳ ಕೈ ನಿಂತಿತು. "ಯಾರೂ ಇಲ್ಲ ಅಂದಿ?" ಎಂದಳು. ಹೂಂ ಎಂದೆ. "ಖರೇ ಐತಿ ಬಿಡು" ಎಂದು ಮತ್ತೆ ರೊಟ್ಟಿ ಬಡಿದಳು. ಎರಡು ದಿನದ ಮೇಲೆ ಅಪ್ಪ ಅಂಚೆ ಕಚೇರಿಗೆ ಹೋಗಿ ಆ ಕಾರ್ಡು ಬಿಡಿಸಿ ತಂದರು. ಅವ್ವನ ತವರಿನಿಂದ ಅಜ್ಜ ಬರೆದದ್ದು. ಹಸು ಈದಿದೆ, ಹೋರಿಗರು, ಎಲ್ಲರೂ ಕ್ಷೇಮ ಎಂದಿಷ್ಟೇ ಇತ್ತು. ಅವ್ವನಿಗೆ ಓದಲು ಬರುತ್ತಿರಲಿಲ್ಲ, ನಾನೇ ಓದಿ ಹೇಳಿದೆ. ಕರುವಿನ ಸುದ್ದಿಯನ್ನು ಅವಳು ಒಮ್ಮೆ ಕೇಳಿದಳು. ವಿಳಾಸವನ್ನು ಮಾತ್ರ ಮೂರು ಸಲ ಓದಿಸಿದಳು. ಏಕೆಂದು ಆಗ ತಿಳಿಯಲಿಲ್ಲ. ತಿಳಿದ ಮೇಲೆ ಬಹಳ ಸಂಕಟವಾಯಿತು.

ಇರಲಿ, ಕಾಗವಾಡ ಶಾಖೆಯ ಕಥೆಗೆ ಬರುತ್ತೇನೆ. ಕಾಗವಾಡ ತಾಲ್ಲೂಕಿನ ಜುಗೂಳದಲ್ಲಿ, ಕೃಷ್ಣಾ ನದಿಯ ದಂಡೆಯಲ್ಲಿ, ನೇಮಣ್ಣ ಕಾಕಾ ಎಂಬವರಿದ್ದಾರೆ. ವಯಸ್ಸು ಎಪ್ಪತ್ತರ ಹತ್ತಿರ. ಹೊಳೆದಂಡೆಗೆ ಕಬ್ಬು, ಊರೊಳಗೆ ಪೈಪು ಮತ್ತು ಪಂಪು ಮಾರುವ ಅಂಗಡಿ. ಊರಿನ ಜೈನರ ಓಣಿಯಲ್ಲಿ ಅವರ ಮಾತಿಗೆ ತೂಕ. ಹೆಂಡತಿ ಪದ್ಮಾವತಿ ಕಾಕು, ಅಥಣಿ ಕಡೆಯ ಐಗಳಿಯವರು, ದ್ರಾಕ್ಷಿ ತೋಟದ ಮನೆಯ ಮಗಳು, ಏಳನೆಯ ತರಗತಿಯವರೆಗೆ ಓದಿದವರು.

ಇವರಿಬ್ಬರೂ ಮೊದಲ ಸಲ ಬಂದದ್ದು ಕಾಕುವಿನ ಹೆಸರಿನ ಸಲುವಾಗಿಯೇ. ತವರಿನ ತೋಟ ಪಾಲಾದಾಗ ಅಲ್ಲಿನ ದಾಖಲೆ ನೋಡಿ ಯಾರೋ ಅವರ ಪ್ಯಾನ್ ಮಾಡಿಸಿದ್ದರು. ಅದರಲ್ಲಿ ಚಂಪಾ ಎಂದಿತ್ತು. ಆಧಾರದಲ್ಲಿ ಪದ್ಮಾವತಿ. ಅರ್ಜಿ ತುಂಬುತ್ತ ನಾನು, "ಗಂಡನ ಹೆಸರ ಹೇಳ್ರಿ ಕಾಕೂ" ಎಂದೆ. ಕಾಕು ಸೆರಗು ಸರಿಪಡಿಸಿಕೊಂಡು ಗದ್ದ ಎತ್ತಿ ಪಕ್ಕದವರನ್ನು ತೋರಿಸಿದರು.

"ಬಾಯಿಲೆ ಹೇಳ್ರಿ."

"ಅಲ್ಲೇ ಕುಂತಾರಲ್ಲ, ಅವರನ್ನ ಕೇಳು."

ಕಾಕಾ ತುಟಿ ಬಿಗಿಹಿಡಿದು, ಕಣ್ಣಲ್ಲೇ ನಗುತ್ತ ಕೂತಿದ್ದರು. "ಹೇಳಾಕಿ ಅಲ್ರಿ ಆಕಿ. ಲಗ್ನದಾಗ ಎಲ್ಲಾರೂ ಕೂಡಿ ಗಂಡನ ಹೆಸರ ಹಾಕಿ ಒಡಪು ಹೇಳಂದ್ರು, ಆವಾಗೂ ಹೇಳಲಿಲ್ಲ. ನಲವತ್ತೆರಡ ವರ್ಷ ಆತು. ನಾನೂ ಕಾಯಾಕತ್ತೇನಿ" ಎಂದರು. ಕಾಕು, "ಕಾಯ್ರಿ, ಯಾರ ಬ್ಯಾಡ ಅಂದಾರ" ಎಂದು ಗೋಡೆಯ ಬದನೆಕಾಯಿ ನೋಡತೊಡಗಿದರು. ಕೊನೆಗೆ ನಾನೇ ಕಾಕಾನ ಕಾರ್ಡು ನೋಡಿ ನೇಮಣ್ಣ ಎಂದು ಬರೆದುಕೊಂಡೆ.

ತಿಂಗಳೊಪ್ಪತ್ತಿನಲ್ಲಿ ಪದ್ಮಾವತಿ ಎಂಬ ಹೊಸ ಕಾರ್ಡು ಬಂತು. ಬ್ಯಾಂಕು, ಹೊಲದ ಪಹಣಿ ಉತಾರ, ಎಲ್ಲ ಕಡೆ ಓಡಾಡಿ ಹೆಸರು ಸರಿಮಾಡಿಸಿದೆ. ಅಂಥ ಅಚ್ಚುಕಟ್ಟಾದ ಕೆಲಸ ನಾನು ಜೀವನದಲ್ಲಿ ಮಾಡಿದ್ದು ಅದೊಂದೇ. ಹೆಮ್ಮೆಯಿಂದ ಕಾರ್ಡು ಕೊಟ್ಟಾಗ ಕಾಕಾ ಹಳೆಯದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ಹಳೇ ಹೆಸರ ಇನ್ನ ಎಲ್ಲೂ ಉಳಿಯೂದಿಲ್ಲೇನ್ರಿ?"

"ಎಲ್ಲೂ ಇಲ್ರಿ ಕಾಕಾ. ಪೂರಾ ಕ್ಲೀನ್ ಮಾಡೇನಿ."

"ಎಲ್ಲೇರ ಒಂದ ಕಡೆ ಇದ್ದಿದ್ರ ಚಲೋ ಇತ್ತು" ಎಂದು ಮೆಲ್ಲಗೆ ಅಂದರು. ಮುದುಕರಿಗೆ ದಾಖಲೆಯ ಚಿಂತೆ ಎಂದುಕೊಂಡು, "ಏನ ತ್ರಾಸ ಆಗೂದಿಲ್ಲ, ನಾ ಅದೇನಲ್ಲ" ಎಂದು ಧೈರ್ಯ ಹೇಳಿದೆ. ನನ್ನ ಬುದ್ಧಿಯ ಮಟ್ಟ ಇಷ್ಟು.

ಆಮೇಲೆ ಜುಗೂಳದಲ್ಲಿ ಬ್ಯಾಂಕಿನವರು ಒಂದು ಸಭೆ ಮಾಡಿ, ಪಾಸ್‌ವರ್ಡನ್ನು ಯಾರಿಗೂ ಹೇಳಬಾರದೆಂದು ಉಪದೇಶ ಮಾಡಿದರು. ಮರುದಿನ ಮೊದಲ ಬಸ್ಸಿಗೆ ಕಾಕಾ ಹಾಜರು. ನನ್ನ ಗಿರಾಕಿಗಳೆಲ್ಲರ ಪಾಸ್‌ವರ್ಡನ್ನು ಅಲ್ಲಿಯವರೆಗೆ ನಾನೇ ಇಡುತ್ತಿದ್ದೆ: ಅವರ ಹೆಸರು, ಹಿಂದೆ ಒಂದು @, ಅದರ ಹಿಂದೆ 123. ಕಳ್ಳನಿಗೂ ಕಷ್ಟವಾಗಬಾರದೆಂಬಷ್ಟು ಸುಲಭ.

"ನಿಮ್ಮ ಮ್ಯಾಲ ಸಂಶೇ ಇಲ್ರಿ ಮಾಸ್ತರ" ಎಂದರು ಕಾಕಾ. "ಆದ್ರ ಬ್ಯಾಂಕಿನ ಹುಡುಗಿ ಹೇಂತಿಗೂ ಹೇಳಬ್ಯಾಡ್ರಿ ಅಂದಾಳ. ಬದಲ ಮಾಡೂನು. ನೀವು ಆ ಕಡೆ ತಿರಗ್ರಿ."

ಅವತ್ತೇ ನಾನು ಮೊದಲ ಸಲ ಗೋಡೆಗೆ ಮುಖ ಮಾಡಿ ನಿಂತದ್ದು. "ಒಂದ ಹೆಸರ ಹೊಡೀರಿ. ಮೊದಲನೇ ಅಕ್ಷರ ದೊಡ್ಡದ ಇರಲಿ, ಹಿಂದ @123 ಅಂತ ಹಾಕ್ರಿ, ಮರಿಯೂದಿಲ್ಲ" ಎಂದು ಬದನೆಕಾಯಿಗೆ ಹೇಳಿದೆ. ಹಿಂದೆ ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಕಾಕಾನ ದನಿ ಬಂತು.

"ಸಿ ಎಲ್ಲೈತ್ರಿ?"

"ಕೆಳಗಿನ ಸಾಲಿನ್ಯಾಗ, ಎಡಕಿಂದ ಮೂರನೇದು."

ಟಕ್ ಎಂದಿತು. ಮತ್ತೆ ಮೌನ. ಮತ್ತೊಂದು ಟಕ್. ನಾನು ಮುಳ್ಳು ಎಣಿಸಿದ್ದು ಆಗಲೇ. ಕೆಲಸ ಮುಗಿದು ತಿರುಗಿ ನೋಡಿದಾಗ ಕಾಕಾನ ಮುಖ ಕಿವಿಯವರೆಗೆ ಕೆಂಪಾಗಿತ್ತು. ಪಾಪ, ಒಂದೇ ಬೆರಳಿನಲ್ಲಿ ಹೊಡೆದು ದಣಿದಿದ್ದಾರೆ ಎಂದುಕೊಂಡು ಚಹಾ ತರಿಸಿದೆ.

ಊರಿಗೆ ಹೋದವರೇ ಕಾಕಾ ಕಟ್ಟೆಯ ಮೇಲೆ ಕೂತು ನನ್ನ ಗುಣಗಾನ ಮಾಡಿದರಂತೆ. ನಿಪ್ಪಾಣಿಯ ದೊಡ್ಡ ಆಫೀಸಿನವರು ಗಿರಾಕಿಗೆ ತಂಪು ನೀರಿನ ಬಾಟಲಿ ಕೊಡುತ್ತಾರೆ ನಿಜ, ಆದರೆ ಚಿಕ್ಕೋಡಿಯ ಮಾಸ್ತರ ಗೋಡೆಗೆ ಮುಖ ಮಾಡಿ ನಿಲ್ಲುತ್ತಾನೆ, ಅಂಥವನು ಎಲ್ಲೂ ಸಿಗುವುದಿಲ್ಲ ಎಂದು. ಓಣಿಯ ನಲವತ್ತು ಮನೆಯವರು ನಿಪ್ಪಾಣಿ ಬಿಟ್ಟು ನನ್ನ ಕಡೆ ಬರಲು ಒಪ್ಪಿದರು, ಒಂದು ಷರತ್ತಿನ ಮೇಲೆ: ಮೊದಲು ಕಾಕಾನ ರಿಟರ್ನ್ ಗಡುವಿನೊಳಗೆ ಆಗಿ ಕೈಗೆ ಪಾವತಿ, ಅಂದರೆ ರಸೀದಿ, ಬರಬೇಕು, ಆಮೇಲೆ ತಮ್ಮದು. ಗಡುವು ತಪ್ಪಿದರೆ ದಂಡ ಬೀಳುತ್ತದೆ, ಅದನ್ನು ಅನುಭವಿಸುವ ಉತ್ಸಾಹ ಯಾರಿಗೂ ಇರಲಿಲ್ಲ. "ಆಗತೈತಿ, ನಾ ಜಾಮೀನ" ಎಂದು ಕಾಕಾ ನಾಲ್ಕು ಜನರ ನಡುವೆ ಹೇಳಿಬಿಟ್ಟರು. ನಲವತ್ತು ಮನೆ ಎಂದರೆ ನನ್ನ ಕಾಗವಾಡ ಶಾಖೆ ಬೋರ್ಡಿನಿಂದ ಇಳಿದು ಭೂಮಿಯ ಮೇಲೆ ನಿಂತಂತೆ. ನಾನು ಆ ವಾರ ಎರಡನೆಯ ಕುರ್ಚಿಯ ಬೆಲೆ ಕೇಳಿಕೊಂಡು ಬಂದೆ.

ಜುಲೈನಲ್ಲಿ ಕಾಕಾನ ಕಾಗದಪತ್ರ ಎಲ್ಲ ಬಂದವು. ರಿಟರ್ನ್ ತಯಾರಾಯಿತು. ಕಳಿಸಲು ಪಾಸ್‌ವರ್ಡೊಂದು ಬೇಕು. "ಅವಸರ ಏನೈತ್ರಿ? ವರ್ಷಾ ಮುಂದ ಹಾಕತಾರ ತಗೋರಿ" ಎಂದರು ಕಾಕಾ. ಗಡುವು ಮುಂದೆ ಹೋಗುತ್ತದೆಂಬ ನಂಬಿಕೆ ನಮ್ಮ ಕಡೆ ಮಳೆ ಬರುತ್ತದೆಂಬ ನಂಬಿಕೆಗಿಂತ ಗಟ್ಟಿ. ನಾನೂ ತಲೆಯಾಡಿಸಿದೆ. ಮೂವತ್ತೊಂದು ಸಮೀಪಿಸಿತು, ಗಡುವು ಮುಂದೆ ಹೋಗಲಿಲ್ಲ. ಎರಡು ದಿನ ಮೊದಲು ಫೋನ್ ಮಾಡಿದೆ. ಕಾಕು ಎತ್ತಿದರು.

"ಕಾಕಾಗ ಕೊಡ್ರಿ."

"ಅವರು ಮಾತಾಡೂದಿಲ್ಲ."

"ಯಾಕ, ನನ್ನ ಮ್ಯಾಲ ಸಿಟ್ಟಾಗ್ಯಾರೇನ್ರಿ?"

"ನಿನ್ನ ಮ್ಯಾಲ ಯಾಕ ಸಿಟ್ಟಾಗ್ಲಿ? ಮೌನ ಹಿಡದಾರ. ಹನ್ನೊಂದ ದಿನ."

ಊರಿನ ಬಸದಿಯಲ್ಲಿ ಮುನಿಗಳು ಚಾತುರ್ಮಾಸ್ಯಕ್ಕೆ ನೆಲೆಸಿದ್ದರು. ಅವರೆದುರು ಕಾಕಾ ನಿಯಮ ತೆಗೆದುಕೊಂಡಿದ್ದರು: ಮಾತಿಲ್ಲ, ಫೋನಿಲ್ಲ, ಬರೆದು ತೋರಿಸುವುದೂ ಇಲ್ಲ, ಅಂಗಡಿಯ ವ್ಯವಹಾರದ ಸನ್ನೆಯೂ ಇಲ್ಲ. ಅದು ಮುಗಿಯುವುದು ಆಗಸ್ಟಿನಲ್ಲಿ. ಪಾಸ್‌ವರ್ಡ್ ಬದಲಿಸಲು ಫೋನಿಗೆ ಬರುವ ಅಂಕಿಯಾದರೂ ಬೇಕು. ಆಧಾರಕ್ಕೆ ಜೋಡಿಸಿದ ಫೋನು ಕಾಕಾ ಬಗ್ಗಿ ಪಂಪ್‌ಸೆಟ್ ನೋಡುವಾಗ ಜೇಬಿನಿಂದ ಜಾರಿ ಹೊಳೆ ಸೇರಿತ್ತು, ಆಮೇಲೆ ಅವರು ತೆಗೆದುಕೊಂಡ ಸಿಮ್ ಬೇರೆಯೇ ನಂಬರಿನದು. ನನ್ನ ನಲವತ್ತು ಮನೆ ಈಗ ಒಬ್ಬ ಮೌನಿಯ ಹೊಟ್ಟೆಯೊಳಗಿದ್ದವು.

ಮೂವತ್ತೊಂದರ ಬೆಳಿಗ್ಗೆ ಲ್ಯಾಪ್‌ಟಾಪ್ ಹೆಗಲಿಗೇರಿಸಿ, ಮಳೆಯಲ್ಲಿ ಬಸ್ ಬದಲಿಸಿ ಜುಗೂಳ ಮುಟ್ಟಿದೆ. ಬಸದಿಯಲ್ಲಿ ಕಾಕಾ ಬಿಳಿ ಧೋತರ ಉಟ್ಟು ಕಣ್ಣು ಮುಚ್ಚಿ ಕೂತಿದ್ದರು. ನಾನು ಎದುರಿಗೆ ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದರು. ನನ್ನನ್ನು ನೋಡಿದರು, ಲ್ಯಾಪ್‌ಟಾಪ್ ನೋಡಿದರು, ತಾವು ಕೊಟ್ಟ ಜಾಮೀನು, ಪಾಸ್‌ವರ್ಡು, ಇವತ್ತಿನ ತಾರೀಕು ಎಲ್ಲ ಒಟ್ಟಿಗೆ ನೆನಪಾಗಿ ಅವರ ಕಣ್ಣು ಅಗಲವಾದವು. ಬಾಯಿ ಒಂದು ಕ್ಷಣ ಅಲುಗಿತು. ನಾನು ಕುಳಿತಲ್ಲೇ ಮುಂದಕ್ಕೆ ಬಾಗಿದೆ. ಕಾಕಾ ಮುನಿಗಳ ಕಡೆ ನೋಡಿ, ದೀರ್ಘವಾಗಿ ಉಸಿರು ಬಿಟ್ಟು, ಮತ್ತೆ ಕಣ್ಣು ಮುಚ್ಚಿಕೊಂಡರು. ನನ್ನ ಶಾಖೆಗಾಗಿ ನಿಮ್ಮ ವ್ರತ ಮುರಿಯಿರಿ ಎಂದು ಕೇಳಲು ನನಗೆ ನಾಲಗೆ ಏಳಲಿಲ್ಲ. ಕೈ ಮುಗಿದು ಎದ್ದು ಬಂದೆ.

ಹೊರಗಿನ ಕಟ್ಟೆಯ ಮೇಲೆ ಐದಾರು ಜನ ಪಿಶವಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಒಬ್ಬರು, "ಆತೇನ್ರಿ ಮಾಸ್ತರ?" ಎಂದರು. ಇನ್ನೊಬ್ಬರು ಗಡಿಯಾರ ನೋಡಿ, "ನಿಪ್ಪಾಣಿ ಬಸ್ಸಿಗೆ ಇನ್ನೂ ಟೈಮ್ ಐತಿ ಬಿಡು" ಎಂದು ಗಾಳಿಗೆ ಹೇಳಿದರು.

ಕಾಕಾನ ಮನೆಯ ಪಡಸಾಲೆಯಲ್ಲಿ ಕಿಟಕಿಯ ಹತ್ತಿರ ಮಾತ್ರ ಸಿಗ್ನಲ್ ಬರುತ್ತಿತ್ತು. ಅಲ್ಲಿ ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟು ಕಾಕುವಿಗೆ ಪರಿಸ್ಥಿತಿ ವಿವರಿಸಿದೆ. ಐದು ಸಲ ತಪ್ಪಿದರೆ ಖಾತೆಗೆ ಬೀಗ ಬೀಳುತ್ತದೆ. ನಾಳೆ ತೆರೆದೀತು, ಆದರೆ ನಾಳೆ ಆಗಸ್ಟ್. ನನ್ನ ಕೈಯಲ್ಲಿದ್ದ ಸುಳಿವು ಎರಡು. ಹಿಂದೆ @123 ಇದೆ, ಮುಂದೆ ಸಿ ಅಕ್ಷರವಿದೆ. ಕಾಕಾ ಅಲ್ಲಿ ಬಾಯಿ ಮುಚ್ಚಿ ಕೂತಿರುವಾಗ ನಾವಿಲ್ಲಿ ಅವರ ಗುಟ್ಟು ತಡಕುವುದು ಸರಿಯೇ ಎಂದು ಒಂದು ಗಳಿಗೆ ಅನಿಸಿತು. ರಿಟರ್ನ್ ಕಳಿಸೆಂದು ಹೇಳಿದವರು ಅವರೇ ಅಲ್ಲವೇ ಎಂದು ಮನಸ್ಸಿಗೆ ಸಮಾಧಾನ ಹೇಳಿದೆ. ನಲವತ್ತು ಮನೆ ಕಣ್ಣ ಮುಂದಿರುವಾಗ ಮನಸ್ಸು ಬೇಗ ಸಮಾಧಾನವಾಗುತ್ತದೆ.

ಬದಲಾವಣೆ ಉಳಿದೇ ಇಲ್ಲದಿದ್ದೀತೆಂಬ ಆಸೆಯಿಂದ ಮೊದಲು ಹಳೆಯ ಪಾಸ್‌ವರ್ಡನ್ನೇ ಹೊಡೆದು ನೋಡಿದೆ. ತಪ್ಪು. ಬಸದಿಯ ಸ್ವಾಮಿ ಚಂದ್ರಪ್ರಭ ತೀರ್ಥಂಕರರು. ಭಕ್ತಿಯಿಂದ ಕೈ ಒರೆಸಿಕೊಂಡು ಅದನ್ನು ಹೊಡೆದೆ. ತಪ್ಪು.

"ಚಂದ್ರಿ ಅಂತ ಹೊಡಿ" ಎಂದರು ಕಾಕು.

"ಯಾರ್ರಿ ಅದು?"

"ನಮ್ಮ ಎಮ್ಮಿ. ಅದರ ಮ್ಯಾಲ ನನಗಿಂತ ಜೀವ ಐತಿ ಅವರಿಗೆ."

ಅದೂ ತಪ್ಪಾಯಿತು. ಕಾಕುವಿನ ಮುಖದಲ್ಲಿ ನಿರಾಸೆಯ ಬದಲು ಸಣ್ಣದೊಂದು ಸಮಾಧಾನ ಕಂಡಿತು. ನಾಲ್ಕನೆಯದು ಸಾಂಗ್ಲಿಯ ಮೊಮ್ಮಗಳು ಚಿನ್ನು. ಅದೂ ಅಲ್ಲ. ಉಳಿದದ್ದು ಒಂದೇ. "ಎರಡ ರೊಟ್ಟಿ ತಿನ್ನು, ತಿಂದ ಮ್ಯಾಲ ನೆನಪ ಆಗತೈತಿ" ಎಂದು ಕಾಕು ತಾಟು ತಂದಿಟ್ಟರು. ಆಗದಿದ್ದರೂ ನಿಪ್ಪಾಣಿಯವರಿಗೆ ಸೋಲುವವನು ಹೊಟ್ಟೆ ತುಂಬಿ ಸೋಲಲಿ ಎಂದು ರೊಟ್ಟಿ ಮುರಿದೆ.

ಆಗ ಕಾಕುವಿನ ಫೋನು ಬಡಿದುಕೊಂಡಿತು. ಕೈಯಲ್ಲಿ ಹಿಟ್ಟಿದ್ದರಿಂದ ಅವರು ಫೋನನ್ನು ಮೊಣಕೈಯಿಂದ ಒತ್ತಿ ಒಲೆಯ ಕಟ್ಟೆಯ ಮೇಲೆಯೇ ಬಿಟ್ಟರು. ಐಗಳಿಯ ತಮ್ಮನ ದೊಡ್ಡ ದನಿ ಮನೆ ತುಂಬಿತು.

"ಚಂಪಕ್ಕಾ, ಹೊಳಿ ನೀರ ಎಲ್ಲಿ ಮಟಾ ಬಂದೈತಿ? ಆರಾಮ ಅದಿಯಿಲ್ಲ?"

ತುತ್ತು ನನ್ನ ಕೈಯಲ್ಲೇ ಉಳಿಯಿತು. ಹಳೆಯ ಕಾರ್ಡು ಹಿಡಿದು ಕೂತ ಕಾಕಾ ಕಣ್ಣ ಮುಂದೆ ಬಂದರು. ಎಲ್ಲೇರ ಒಂದ ಕಡೆ ಇದ್ದಿದ್ರ ಚಲೋ ಇತ್ತು. ಆ ಹೆಸರನ್ನು ಪ್ಯಾನಿನಿಂದ, ಬ್ಯಾಂಕಿನಿಂದ, ಉತಾರದಿಂದ ಹುಡುಕಿ ಹುಡುಕಿ ಅಳಿಸಿದವನು ನಾನು. ಆ ಹೆಸರಿನವರು ಯಾರೂ ಇಲ್ಲ ಎಂದು ಮತ್ತೊಮ್ಮೆ ಹೇಳಿ, ಅದಕ್ಕೆ ಫೀಸು ಬೇರೆ ತೆಗೆದುಕೊಂಡಿದ್ದೆ. ಕೈ ತೊಳೆದು ಬಂದು, ಹಳೆಯ ಕಾರ್ಡಿನಲ್ಲಿದ್ದಂತೆಯೇ ಒಂದೊಂದು ಅಕ್ಷರ ಹೊಡೆದೆ. ಚಂಪಾ, ಹಿಂದೆ @123. ಪರದೆಯ ಮೇಲೆ ಚಕ್ರ ತಿರುಗಿತು. ಆಮೇಲೆ ನೇಮಣ್ಣ ಅವರಿಗೆ ಸ್ವಾಗತ ಎಂದು ಬಂತು. (ಓದುಗರು ಪ್ರಯತ್ನಿಸಿ ನೋಡಬೇಡಿ. ಈಗ ಅಂಕಿ ಬದಲಾಗಿವೆ.)

ರಿಟರ್ನ್ ಕಳಿಸಿದೆ. ಸಹಿಯ ಕಾಗದ ಅಂಚೆಯಲ್ಲಿ ಹೋಗಲು ತಿಂಗಳ ಸಮಯವಿರುತ್ತದೆ, ಅದಕ್ಕೆ ಕಾಕಾನ ಮೌನ ಅಡ್ಡಿಯಿಲ್ಲ. ಪಾವತಿಯನ್ನು ಫೋನಿನಲ್ಲಿ ತೋರಿಸಿದಾಗ ಕಟ್ಟೆಯ ಮೇಲಿನವರೆಲ್ಲ ಎದ್ದು ನಿಂತರು. ಸಂಜೆಯವರೆಗೆ ಆ ಪಡಸಾಲೆಯೇ ಕಾಗವಾಡ ಶಾಖೆಯಾಯಿತು. ಪ್ರತಿಯೊಬ್ಬರೂ ಪಾಸ್‌ವರ್ಡ್ ಹೊಡೆಯುವ ಮೊದಲು, "ತಿರಗ್ರಿ ಮಾಸ್ತರ" ಎಂದರು. ಒಬ್ಬರು ನಾನು ತಿರುಗುವ ಸೊಗಸು ನೋಡಲಿಕ್ಕೆಂದೇ ಎರಡು ಸಲ ತಿರುಗಿಸಿದರು.

ಆದರೆ ಅದಕ್ಕೆ ಮೊದಲು ಕಾಕು ಕೇಳಿದ್ದರು, "ಏನಿತ್ತೋ ತಮ್ಮಾ?"

ನನ್ನ ಉದ್ಯೋಗಕ್ಕಿರುವುದು ಒಂದೇ ಒಂದು ಧರ್ಮ. "ಅದನ್ನ ಹೇಳಾಕ ಬರೂದಿಲ್ಲ ಕಾಕೂ. ಕಾಕಾನ ಹೇಳಬೇಕು."

"ನನ್ನ ಮುಂದ ಹೇಳಿದ್ರ ಏನಾಗತೈತಿ?"

"ಹೇಳಬಾರದ್ರಿ."

ಕಾಕು ಬೆರಳು ಮಡಿಚಿ ಲೆಕ್ಕ ಹಾಕಿದರು. "ದೇವರಲ್ಲ. ಎಮ್ಮಿ ಅಲ್ಲ. ಮೊಮ್ಮಗಳೂ ಅಲ್ಲ. ಮತ್ತ್ಯಾರ ಆಕಿ?"

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಒಂದೇ ಮಾತಿನಲ್ಲಿ ಅವರ ಅನುಮಾನ ಕಳೆಯಬಹುದಿತ್ತು. ಆದರೆ ಅದು ಕಾಕಾ ಹೇಳಬೇಕಾದ ಮಾತು. ನನ್ನಂಥ ಫಾರ್ಮು ತುಂಬುವವನ ಬಾಯಿಂದ ಬಂದರೆ ಅದಕ್ಕೆ ಏನು ಬೆಲೆ? ಸಂಜೆ ಎಲ್ಲರ ಕೆಲಸ ಮುಗಿಸಿ ಬ್ಯಾಗು ಕಟ್ಟಿದೆ. ಬಸ್ಸಿನವರೆಗೆ ಬಿಡಲು ಕಾಕು ಬರಲಿಲ್ಲ.

ಆಗಸ್ಟಿನ ಮೊದಲ ವಾರ ಕಾಕಾನ ಫೋನು ಬಂತು. ಮೌನ ಮುಗಿದ ಮೇಲೆ ಅವರು ಮಾಡಿದ ಮೊದಲ ಕರೆ ಅದೇ.

"ಏನ ಮಾಡಿಟ್ರೀ ಮಾರಾಯ್ರ? ನಾ ಮೌನ ಬಿಟ್ಟೆ, ಆಕಿ ಹಿಡದಾಳ. ಐದ ದಿನ ಆತಂತ. ನೀರ ಕೇಳಿದ್ರ ತಂಬಗಿ ಕುಕ್ಕಿ ಹೋಗತಾಳ."

"ಪಾಸ್‌ವರ್ಡ ಏನಂತ ಹೇಳಿಬಿಡ್ರಿ ಕಾಕಾ."

ಆ ಕಡೆ ಬಹಳ ಹೊತ್ತು ಸದ್ದಿರಲಿಲ್ಲ. ಮತ್ತೆ ವ್ರತ ಶುರುವಾಯಿತೇನೋ ಎಂದುಕೊಂಡೆ. "ನಿಮಗ ತಿಳೀತಲಾ" ಎಂದರು ಕೊನೆಗೆ. "ಈ ವಯಸ್ಸಿನ್ಯಾಗ ಹೆಂಗ ಹೇಳಲಿ? ಲಗ್ನದಾಗ ಅಕ್ಕಿ ಮ್ಯಾಲ ಹೊಸ ಹೆಸರ ನಾನ ಬರದಿದ್ದೆ. ನಮ್ಮ ಅಪ್ಪ ಹೇಳಿದ್ರು, ಬರದೆ. ಆಕಿ ತಾಟ ನೋಡಿದ್ಲು, ನನ್ನ ನೋಡಲಿಲ್ಲ. ಅದು ಮನಸಿನ್ಯಾಗ ಕುಂತೈತ್ರಿ."

"ಇದನ್ನ ನನ್ನ ಮುಂದ ಹೇಳಿ ಏನ ಉಪಯೋಗ್ರಿ ಕಾಕಾ?" ಎಂದೆ. ಅವರು ಫೋನಿಟ್ಟರು.

ಹತ್ತು ದಿನದ ಮೇಲೆ ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಬಳೆಯ ಸದ್ದಾಯಿತು. ಪದ್ಮಾವತಿ ಕಾಕು ಒಬ್ಬರೇ ಬಂದರು. ಕಾಕಾನನ್ನು ಕೆಳಗೆ ಚಹಾದಂಗಡಿಯಲ್ಲಿ ಕೂರಿಸಿ ಬಂದಿದ್ದರು. ಕುರ್ಚಿಯಲ್ಲಿ ಕೂತು ಉಸಿರು ಸುಧಾರಿಸಿಕೊಂಡರು. ಮುಖದಲ್ಲಿ ಅವತ್ತಿನ ಬಿಗಿ ಇರಲಿಲ್ಲ.

"ಹೇಳಿದ್ರು" ಎಂದರು, ಅಷ್ಟೇ. ಬಳೆ ಸರಿಮಾಡಿಕೊಂಡು, "ನೀ ಅವತ್ತ ಹೇಳಲಿಲ್ಲ, ಚಲೋ ಮಾಡಿದಿ" ಎಂದರು.

ಉದ್ಯೋಗದ ಮಾತಾಡುವುದೇ ಲೇಸೆಂದು, "ಹಳೇ ಹೆಸರ ಕಾರ್ಡಿನ್ಯಾಗ ಮತ್ತ ಹಾಕಸೂನೇನ್ರಿ ಕಾಕೂ? ಓಡಾಟ ಆಗತೈತಿ, ಆದ್ರೂ ಮಾಡಸ್ತೇನಿ" ಎಂದೆ.

"ಕಾರ್ಡಿನ್ಯಾಗ ಏನರ ಇರವಲ್ದ್ಯಾಕ. ಇರಬೇಕಾದಲ್ಲೆ ಐತಿ" ಎಂದರು. ಆಮೇಲೆ ಸೆರಗು ಸರಿಪಡಿಸಿಕೊಂಡು, "ನನ್ನದೂ ಒಂದ ಖಾತೆ ಐತಲ್ಲ ಅದರಾಗ? ಅದರ ಪಾಸ್‌ವರ್ಡ ಬದಲ ಮಾಡೂದೈತಿ. ಮಿಶಿನ್ ಈ ಕಡೆ ತಿರಗಸು. ನೀ ಆ ಕಡೆ ತಿರಗು" ಎಂದರು.

ನಾನು ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತೆ. ಬದನೆಕಾಯಿ ಇದ್ದಲ್ಲೇ ಇತ್ತು. ಹಿಂದೆ ಬಹಳ ಹೊತ್ತು ಸದ್ದಿಲ್ಲ. ಕೆಳಗಿನಿಂದ ಕಾಕಾನ ದನಿ ಬಂತು, "ಇನ್ನೂ ಎಷ್ಟ ಹೊತ್ತ ಕಾಯಲಿ ಬೇ?"

ಕಾಕುವಿನ ಬಳೆ ಒಮ್ಮೆ ಮೇಜಿಗೆ ತಾಗಿತು.

"ತಮ್ಮಾ" ಎಂದರು ಮೆಲ್ಲಗೆ, "ಎನ್ ಎಲ್ಲೈತಿ?"

"ಕೆಳಗಿನ ಸಾಲಿನ್ಯಾಗ ಕಾಕೂ. ಬಲಕ್ಕ, ಎಮ್ ಮಗ್ಗಲಕ."

ಟಕ್ ಎಂದಿತು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಇನ್ನ ಸ್ವಲ್ಪ ಕಾಯ್ರಿ ಕಾಕಾ" ಎಂದು ಹೇಳಿ, ಮುಳ್ಳುಗಳನ್ನು ಮೊದಲಿನಿಂದ ಎಣಿಸತೊಡಗಿದೆ.